ಮೂರನೆಯ ಟ್ರೆಡ್‌ಮಿಲ್

ಸರ್ವೇಯರಮ್ಮನ ಕನ್ನಡಕ ಮತ್ತೆ ಕಳೆದಿತ್ತು. ಸೋಫಾದ ಸಂದಿನಲ್ಲಿ ಇರಲಿಲ್ಲ, ಕಿಟಕಿಕಟ್ಟೆಯ ಮೇಲೆ ಇರಲಿಲ್ಲ, ನೆತ್ತಿಯ ಮೇಲೂ ಇರಲಿಲ್ಲ. ಅವರು ಮನೆಯಿಡೀ ಕೈಯಾಡಿಸುತ್ತಾ ತಿರುಗುತ್ತಿದ್ದರೆ, ಚಿಕ್ಕಮ್ಮ ಊಟದ ಮೇಜಿನ ಮುಂದೆ ಕೂತು ಮುಖವೆತ್ತದೆ ಬಟಾಣಿ ಬಿಡಿಸುತ್ತಿದ್ದಳು.

"ಇವತ್ತೊಂದಿನ ಪದಬಂಧಕ್ಕೆ ಹೋಗದಿದ್ರೆ ಏನಾಗುತ್ತೆ ಅಕ್ಕಾ? ಕೆಳಗಿನ ಮನೆ ಹೆಡ್‌ಮಿಸ್ಸು ಅಷ್ಟು ಬುದ್ಧಿವಂತೆ, ಒಬ್ಬಳೇ ತುಂಬಿಸ್ಕೊಳ್ಳಲಿ ಬಿಡು."

"ಹೋದ ಮಂಗಳವಾರನೂ ಹೀಗೇ ಆಯ್ತಲ್ಲೇ," ಎಂದರು ಸರ್ವೇಯರಮ್ಮ. ಅಷ್ಟು ಹೇಳಿ ಮತ್ತೆ ದಿಂಬಿನ ಕೆಳಗೆ ಕೈ ಹಾಕಿದರು.

ಇಬ್ಬರೂ ಓರಗಿತ್ತಿಯರು. ಅಣ್ಣತಮ್ಮಂದಿರನ್ನು ಕಟ್ಟಿಕೊಂಡು ಒಂದೇ ಮನೆಗೆ ಬಂದವರು, ಆ ಇಬ್ಬರೂ ತೀರಿಕೊಂಡ ಮೇಲೂ ಒಂದೇ ಒಲೆ ಹಚ್ಚಿಕೊಂಡು ಉಳಿದವರು. ದೊಡ್ಡವರು ವಿಮಾ ಕಂಪನಿಯಲ್ಲಿ ಸರ್ವೇಯರ್ ಆಗಿದ್ದರು. ಸುಟ್ಟ ಗೋದಾಮು, ಕೆರೆಗೆ ಬಿದ್ದ ಲಾರಿ, 'ತಾನಾಗೇ' ಒಡೆದ ಗಾಜು, ಇಂಥವುಗಳ ಮುಂದೆ ಕುಕ್ಕರಗಾಲಲ್ಲಿ ಕೂತು, ಅದು ಹಾಳಾಯಿತೋ ಯಾರಾದರೂ ಹಾಳು ಮಾಡಿದರೋ ಎಂದು ಹೇಳುವುದು ಅವರ ಕೆಲಸವಾಗಿತ್ತು. ನಿವೃತ್ತರಾದರೂ ಆ ಕೆಲಸ ಅವರನ್ನು ಬಿಟ್ಟಿರಲಿಲ್ಲ. ಸುತ್ತಲಿನ ನಾಲ್ಕು ಕಟ್ಟಡಗಳಲ್ಲಿ ಏನು ಮುರಿದರೂ, ಏನು ಮಾಯವಾದರೂ ಜನ ಪೊಲೀಸರಿಗಿಂತ ಮೊದಲು ಇವರ ಬಾಗಿಲು ತಟ್ಟುತ್ತಿದ್ದರು.

ಕೇಸು ಬಂದ ದಿನ ಅಕ್ಕ ಚಿಕ್ಕಮ್ಮನಿಗೆ ಪೂರ್ತಿಯಾಗಿ ಸಿಗುತ್ತಿದ್ದರು. ಟಾರ್ಚು ಹಿಡಿಯುವವಳು ಇವಳು, ಅಳತೆಯ ಟೇಪು ಎಳೆಯುವವಳು ಇವಳು, ದಾರಿಯುದ್ದಕ್ಕೂ ಅಕ್ಕನ ಅರ್ಧಂಬರ್ಧ ಮಾತಿಗೆ 'ಹೂಂ' ಅನ್ನುವವಳೂ ಇವಳೇ. ಹೆಡ್‌ಮಿಸ್ಸು ಕೆಳಗಿನ ಮನೆಗೆ ಬಾಡಿಗೆಗೆ ಬಂದ ಮೇಲೆ ಎಲ್ಲ ಏರುಪೇರಾಗಿತ್ತು. ಮಂಗಳವಾರ ಮಧ್ಯಾಹ್ನವಾದರೆ ಅಕ್ಕ ಕೆಳಗೆ. ಕೆಳಗಿನಿಂದ ಮೇಲಕ್ಕೆ ಬರುತ್ತಿದ್ದದ್ದು ಇಬ್ಬರ ನಗು ಮಾತ್ರ. ಅದನ್ನು ಕೇಳಿಸಿಕೊಳ್ಳುತ್ತಾ ಒಬ್ಬಳೇ ಪಾತ್ರೆ ತೊಳೆಯುವುದು ಎಂಥ ಸಂಕಟ ಎಂದು ತೊಳೆದವರಿಗೇ ಗೊತ್ತು.

ಅಷ್ಟರಲ್ಲಿ ಕರೆಗಂಟೆ ಸದ್ದಾಯಿತು. ಬಾಗಿಲಲ್ಲಿ ಎದುರು ಕಟ್ಟಡದ ಓಟಗಾರ್ತಿ ನಿಂತಿದ್ದಳು. ಬ್ರೆಡ್ ಕಾರ್ಖಾನೆಯ ಬಿಳಿ ಟೋಪಿ ಇನ್ನೂ ತಲೆಯ ಮೇಲಿತ್ತು. ಎಡ ಮಣಿಕಟ್ಟಿಗೆ ದಪ್ಪನೆಯ ಪಟ್ಟಿ ಸುತ್ತಿತ್ತು.

"ಸರ್ವೇಯರಮ್ಮಾ, ನನ್ನ ಮಷೀನನ್ನ ಯಾರೋ ಕೊಂದುಹಾಕಿದ್ದಾರೆ," ಎಂದವಳೇ ಕುರ್ಚಿಗೆ ಕುಸಿದಳು.

ಚಿಕ್ಕಮ್ಮ ನೀರು ತಂದುಕೊಟ್ಟಳು. ಕುಡಿದು ಸುಧಾರಿಸಿಕೊಂಡ ಮೇಲೆ ಅವಳು ಹೇಳಿದ್ದು ಇಷ್ಟು. ಹೋದ ವರ್ಷದವರೆಗೂ ಅವಳು ದಿನಾ ಮುಂಜಾನೆ ರಸ್ತೆಯಲ್ಲಿ ಓಡುತ್ತಿದ್ದಳು, ಪಕ್ಕದಲ್ಲಿ ಫೋಟೋ ಸ್ಟುಡಿಯೋದ ಗೆಳತಿ. ಆ ಗೆಳತಿಯನ್ನು ಬೀದಿಯೆಲ್ಲ 'ಜೋಡಿ' ಎಂದೇ ಕರೆಯುತ್ತಿತ್ತು, ಅಷ್ಟು ಬಿಡದ ಜೊತೆ. ಆಮೇಲೆ ಕಾರ್ಖಾನೆಯಲ್ಲಿ ಇವಳಿಗೆ ಬಡ್ತಿ ಸಿಕ್ಕಿತು. ಬೆಳಕು ಹರಿಯುವ ಮೊದಲೇ ಒಲೆಗಳ ಮುಂದೆ ಇರಬೇಕು. ಮಧ್ಯಾಹ್ನ ಮನೆಗೆ ಬಂದರೆ ಹೊರಗೆ ಬಿಸಿಲು, ಹೊಗೆ. ಹಾಗಾಗಿ ಮನೆಗೊಂದು ಟ್ರೆಡ್‌ಮಿಲ್ ಬಂತು.

"ಮೊದಲನೇದು ಆಟಿಕೆ ಥರ ಇತ್ತು, ನಾನು ಓಡೋ ಓಟಕ್ಕೆ ಕೆಲವೇ ತಿಂಗಳಲ್ಲಿ ಸತ್ತುಹೋಯ್ತು. ಅದು ನ್ಯಾಯ. ಎರಡನೇದು ಬರೋವರೆಗೆ ಎರಡು ವಾರ ಬಿಸಿಲಲ್ಲೇ ಜೋಡಿ ಜೊತೆ ರಸ್ತೇಲಿ ಓಡಿದೆ. ಎರಡನೇದು ಗಟ್ಟಿಯಾಗಿತ್ತು ಸರ್ವೇಯರಮ್ಮಾ. ಆದ್ರೂ ಹೋದವಾರ ಜೋರಾಗಿ ಓಡ್ತಿರೋವಾಗ ಬೆಲ್ಟು ತಡವರಿಸಿ ನಿಂತ ಹಾಗಾಯ್ತು, ಮತ್ತೆ ಒಂದೇ ಸಲ ಎಳೀತು. ಮುಗ್ಗರಿಸಿ ಬಿದ್ದೆ. ಸುಟ್ಟ ವಾಸನೆ ಬೇರೆ. ರಿಪೇರಿಯವನು ಬಂದು ನೋಡಿದ. ಮೋಟಾರು ಸುಟ್ಟಿದೆ, ಇಷ್ಟು ಬೇಗ ಸುಮ್ನೆ ಸುಡಲ್ಲ ಮೇಡಂ, ಯಾರೋ ಏನೋ ಮಾಡಿರ್ಬೇಕು ಅಂದುಬಿಟ್ಟ."

"ಯಾರ ಮೇಲೆ ಅನುಮಾನ?"

ಅವಳು ಪಟ್ಟಿಯ ಅಂಚನ್ನು ಕೀಳುತ್ತಾ ಕೂತಳು. "ನನ್ನ ನಾದಿನಿ. ದಿನವಿಡೀ ಮನೇಲಿ ಇರೋಳು ಅವಳೊಬ್ಬಳೇ. ಮಷೀನ್ ಇರೋ ಕೋಣೇಲೇ ಹೊಲಿಗೆ ಹಾಕ್ತಾಳೆ. ಸದ್ದಿಗೆ ತಲೆ ಸಿಡಿಯುತ್ತೆ, ಇದು ಹಾಳಾಗಿ ಹೋಗ್ಲಿ ಅಂತ ಎಷ್ಟು ಸಲ ಶಪಿಸಿದಾಳೆ. ನಾನು ಮುಖದ ಮೇಲೆ ಕೇಳಿಬಿಟ್ಟೆ. ಈ ಭಾನುವಾರ ಹಾಸ್ಟೆಲ್ಲಿಗೆ ಹೋಗ್ತೀನಿ ಅಂತ ಪೆಟ್ಟಿಗೆ ಕಟ್ತಿದಾಳೆ. ನಮ್ಮನೆಯವರು ನನ್ನ ಹತ್ರ ಮಾತು ಬಿಟ್ಟಿದಾರೆ. ಅವರಿಗೆ ಮೊದಲಿಂದಲೂ ತಂಗಿ ಅಂದ್ರೆ ಒಂದು ಗುಲಗಂಜಿ ಹೆಚ್ಚು."

"ಈಗ ಅವಳೇ ಮಾಡಿದ್ದು ಅಂತ ನಾನು ತೋರಿಸಿಕೊಡ್ಬೇಕಾ?"

ಓಟಗಾರ್ತಿಯ ಕಣ್ಣು ತುಂಬಿತು. "ಇಲ್ಲ. ಅವಳಲ್ಲ ಅಂತ ತೋರಿಸಿಕೊಡಿ. ಇನ್ನು ಮನೆ ಮಷೀನುಗಳ ಸಹವಾಸ ಸಾಕು, ಜಿಮ್ಮಲ್ಲಿ ಇಡೋ ಅಂಥ ಗಟ್ಟಿ ಮಷೀನೇ ತರೋಣ ಅಂತಿದೀವಿ. ಆದ್ರೆ ಅನುಮಾನ ಇಟ್ಕೊಂಡು ಯಾವ ಮಷೀನ್ ತಂದ್ರೂ ಅದರ ಮೇಲೆ ಹೇಗೆ ಕಾಲಿಡ್ಲಿ?"

ಸರ್ವೇಯರಮ್ಮ ಎದ್ದರು. ಚಿಕ್ಕಮ್ಮ ಅವರಿಗಿಂತ ಮೊದಲೇ ಎದ್ದು ಟಾರ್ಚು, ಟೇಪಿನ ಚೀಲ ತಂದಾಗಿತ್ತು. ಇನ್ನೊಂದು ಕೈಯಲ್ಲಿ ಕನ್ನಡಕವೂ ಇತ್ತು.

"ಎಲ್ಲಿತ್ತೇ?"

"ಫ್ರಿಜ್ಜಿನ ಮೇಲೆ," ಎಂದಳು ಚಿಕ್ಕಮ್ಮ, ಚಪ್ಪಲಿ ಮೆಟ್ಟಿಕೊಳ್ಳುತ್ತಾ.

ಆ ಕೋಣೆ ಚಿಕ್ಕದು. ಒಂದು ಗೋಡೆಗೆ ಸತ್ತ ಟ್ರೆಡ್‌ಮಿಲ್, ಕಿಟಕಿಯ ಬಳಿ ಹೊಲಿಗೆ ಮಷೀನು, ಎರಡರ ನಡುವೆ ಒಂದು ಸ್ಟೂಲು. ಸ್ಟೂಲಿನ ಮೇಲೆ ಕತ್ತರಿಸಿಟ್ಟ ಬಿಳಿ ಸಮವಸ್ತ್ರದ ಬಟ್ಟೆ ರಾಶಿ. ನಾದಿನಿ ತಲೆ ಬಗ್ಗಿಸಿ ಹೊಲಿಯುತ್ತಿದ್ದಳು. ಅವಳ ಮಷೀನು ಪ್ರತಿ ಸುತ್ತಿಗೂ ಕಿರ್ರೆನ್ನುತ್ತಿತ್ತು.

ಸರ್ವೇಯರಮ್ಮ ನೆಲದ ಮೇಲೆ ಅಂಗಾತ ಮಲಗಿಯೇ ಬಿಟ್ಟರು. ಮೋಟಾರಿನ ಮುಚ್ಚಳದ ಕಡೆ ತಿರುಗಿಯೂ ನೋಡಲಿಲ್ಲ. ಬೆಲ್ಟಿನ ಅಂಚನ್ನು ಎತ್ತಿ ಒಳಗೆ ಬೆರಳು ಹಾಕಿ ಎಳೆದರು, ಮೂಸಿದರು, ಬೆರಳನ್ನು ಚಿಕ್ಕಮ್ಮನ ಮೂಗಿನ ಮುಂದೆ ಹಿಡಿದರು.

ಬೆರಳಿಗೆ ಕಂದು ಬಣ್ಣದ ಅಂಟು ಮೆತ್ತಿತ್ತು. ವಾಸನೆ ಚಿಕ್ಕಮ್ಮನಿಗೆ ಗೊತ್ತಿದ್ದದ್ದೇ. "ಹೊಲಿಗೆ ಮಷೀನಿನ…"

"ಶ್! ತುಟಿ ಹೊಲ್ಕೋ," ಎಂದು ಪಿಸುಗುಟ್ಟಿದರು ಅಕ್ಕ. "ಸದ್ಯಕ್ಕೆ ಇದು ನಮ್ಮಿಬ್ಬರಲ್ಲೇ ಇರಲಿ."

ನಮ್ಮಿಬ್ಬರಲ್ಲೇ! ಚಿಕ್ಕಮ್ಮನಿಗೆ ಆ ಮಾತು ಬೆಲ್ಲದ ಚೂರಿನಂತೆ ಬಾಯಲ್ಲೇ ಉಳಿಯಿತು.

ಕೈ ತೊಳೆಯಲು ಬಚ್ಚಲಿಗೆ ಹೋದರೆ ಅಲ್ಲಿ ಬಕೆಟ್ಟಿನಲ್ಲಿ ಬಿಳಿ ಬಟ್ಟೆ ನೆನೆಹಾಕಿತ್ತು. ಎತ್ತಿ ನೋಡಿದರೆ ಹಳದಿ ಚುಕ್ಕೆಗಳು. ನಾದಿನಿ ಗಾಬರಿಯಿಂದ ಹಿಂದೆಯೇ ಓಡಿ ಬಂದಳು.

"ಅತ್ತಿಗೆಗೆ ಹೇಳ್ಬೇಡಿ ದೊಡ್ಡಮ್ಮಾ. ಗಿರಾಕಿ ಬಟ್ಟೆ. ಎಣ್ಣೆ ಹೇಗೆ ಸಿಡೀತೋ ಗೊತ್ತಿಲ್ಲ, ನನ್ನದೇ ಕೈತಪ್ಪು ಇರ್ಬೇಕು. ಬೇರೆ ಬಟ್ಟೆ ತಂದು ಹೊಲಿದುಕೊಡ್ತಿದೀನಿ."

"ನಿನ್ನ ಮಷೀನ್ ಯಾಕೆ ಹಾಗೆ ಅಳುತ್ತೆ?"

"ಎಣ್ಣೆ ಇಲ್ಲ. ಹೋದ ತಿಂಗಳಷ್ಟೇ ಹೊಸ ಬಾಟಲಿ ತಂದಿದ್ದೆ, ಅದೂ ಖಾಲಿ. ಈ ತಲೆಬಿಸೀಲಿ ಎಷ್ಟು ಸುರಿದೆನೋ." ಅವಳು ಕಹಿಯಾಗಿ ನಕ್ಕಳು. "ಅಣ್ಣ ಇದಕ್ಕೊಂದು ಹೊಸ ಮೋಟಾರು ಹಾಕಿಸ್ತೀನಿ ಅಂದಿದ್ದ. ಆಮೇಲೆ ಅವನ ಕಣ್ಣೆಲ್ಲ ಹೆಂಡತಿ ಓಡೋ ಪಟ್ಟಿ ಮೇಲೇ. ನಂಗೂ ಹೊಟ್ಟೆ ಉರಿದಿದೆ ದೊಡ್ಡಮ್ಮಾ, ಸುಳ್ಳು ಯಾಕೆ ಹೇಳ್ಲಿ. ಆದ್ರೆ ಅತ್ತಿಗೆ ಬೀಳ್ಲಿ ಅಂತ ಬಯಸೋಳಲ್ಲ ನಾನು."

"ಹಗಲು ಹೊತ್ತು ಇಲ್ಲಿಗೆ ಯಾರು ಬರ್ತಾರೆ?"

"ಗಿರಾಕಿಗಳು ಬಾಗಿಲಲ್ಲೇ ಬಟ್ಟೆ ಕೊಟ್ಟು ಹೋಗ್ತಾರೆ. ಒಳಗೆ ಬಂದು ಕೂರೋಳು ಜೋಡಿ ಒಬ್ಬಳೇ. ಪಾಪ, ಬಂದ್ರೆ ನನ್ನ ಕೈ ಟೀ ಕೇಳಿ ಮಾಡಿಸ್ಕೋತಾಳೆ. ಈ ಮನೇಲಿ ನನ್ನನ್ನ ಏನಾದ್ರೂ ಕೇಳೋಳು ಅಂದ್ರೆ ಅವಳೇ."

ಅಷ್ಟರಲ್ಲಿ ಓಟಗಾರ್ತಿಯ ಗಂಡ ಬಂದ. ಲಿಫ್ಟ್ ರಿಪೇರಿ ಮಾಡುವವನು, ಆಜಾನುಬಾಹು, ಮಾತು ಕಡಿಮೆ. ಹೆಂಡತಿಯನ್ನೂ ತಂಗಿಯನ್ನೂ ಒಂದೊಂದು ಸಲ ನೋಡಿ, ಯಾರ ಪಕ್ಕ ನಿಂತರೂ ತಪ್ಪಾಗುತ್ತದೆ ಎಂಬಂತೆ ಬಾಗಿಲ ಚೌಕಟ್ಟಿಗೆ ಒರಗಿದ.

"ನಾಳೆ ಹೊಸ ಮಷೀನ್ ಆರಿಸೋಕೆ ಹೋಗೋಣ," ಎಂದರು ಸರ್ವೇಯರಮ್ಮ. "ಎಲ್ಲರೂ ಬರಬೇಕು. ನಾದಿನಿನೂ ಬರಲಿ. ನಿನ್ನ ಜೋಡಿನೂ ಕರಿ, ಓಡೋರಿಗೆ ಓಡೋರ ಸಲಹೆ ಬೇಕು."

"ಇವಳೂ ಬರ್ಬೇಕಾ?" ಓಟಗಾರ್ತಿ ಮೂತಿ ತಿರುಗಿಸಿದಳು.

"ಅವಳು ಬರದಿದ್ರೆ ನಾನೂ ಬರಲ್ಲ."

ಅಂಗಡಿಯಲ್ಲಿ ಸೇಲ್ಸ್‌ನವನಿಗೆ ಇಷ್ಟು ಜನರನ್ನು ನೋಡಿ ಹಬ್ಬವಾಯಿತು. ಸಣ್ಣ ಮಷೀನುಗಳ ಸಾಲನ್ನು ದಾಟಿಸಿ ನೇರ ಹಿಂದಿನ ಹಾಲಿಗೆ ಕರೆದೊಯ್ದ. ಅಲ್ಲಿದ್ದವು ಜಿಮ್ಮಿಗೆ ಹೋಗುವ ದೊಡ್ಡ ಮಷೀನುಗಳು, ಕಟ್ಟಿಹಾಕಿದ ಎತ್ತುಗಳಂತೆ ಸಾಲಾಗಿ ನಿಂತಿದ್ದವು.

ಗಂಡ ಮೊದಲು ಬಾಯಿಬಿಟ್ಟ. "ಪೀಕ್ ಪವರು ಗಿವರು ಎಲ್ಲ ಬೇಡ ಗುರು, ಅದು ಒಂದು ಕ್ಷಣದ್ದು. ನಿಲ್ಲದೆ ಓಡಿದ್ರೆ ಮೋಟಾರು ಎಷ್ಟು ಶಕ್ತಿ ಕೊಡುತ್ತೆ, ಅದನ್ನ ಹೇಳು."

"ಕಂಟಿನ್ಯೂಸ್ ಡ್ಯೂಟಿ ಸಾರ್, ಎ.ಸಿ. ಮೋಟಾರು. ಜಿಮ್ಮಲ್ಲಿ ದಿನವಿಡೀ ತಿರುಗುತ್ತೆ."

"ಹಾಗಾದ್ರೆ ಇದಕ್ಕೆ ಬೇರೆ ಲೈನ್ ಎಳೀಬೇಕು. ಮನೆ ಸಾಕೆಟ್ಟು ತಡ್ಕೊಳಲ್ಲ." ಅವನು ಬಗ್ಗಿ ಹಿಂದಿನ ರೋಲರಿಗೆ ಗೇಣು ಹಾಕಿದ. "ರೋಲರ್ ಇಷ್ಟು ದಪ್ಪ ಇದ್ರೆ ಬೆಲ್ಟಿಗೆ ಆಯಸ್ಸು ಜಾಸ್ತಿ. ನಮ್ಮ ಹಳೇದರಲ್ಲಿ ಬೆರಳು ದಪ್ಪ ಇತ್ತು, ಮೋಟಾರಿಗೆ ಎಷ್ಟು ಭಾರ ಬಿತ್ತೋ."

ಓಟಗಾರ್ತಿ ಹತ್ತಿ ಮೆಲ್ಲಗೆ ಓಡತೊಡಗಿದಳು. ಕಟ್ಟಿದ ಕೈಯಿಂದ ಕಂಬಿ ಹಿಡಿಯುವಂತಿರಲಿಲ್ಲ, ಹಿಡಿಯುವ ಅಗತ್ಯವೂ ಬೀಳಲಿಲ್ಲ, ಚೌಕಟ್ಟು ಒಂದಿಷ್ಟೂ ಅಲುಗಲಿಲ್ಲ. "ಬೆಲ್ಟು ಉದ್ದ ಇದೆ. ಹೆಜ್ಜೆ ಚಾಚಿದ್ರೆ ಹಿಂದೆ ಬಿದ್ದುಹೋಗ್ತೀನಿ ಅನ್ನೋ ಭಯ ಇಲ್ಲ," ಎಂದಳು. ಎಷ್ಟೋ ದಿನದ ಮೇಲೆ ಅವಳ ಮುಖದಲ್ಲಿ ಬೆಳಕು ಬಂದಿತ್ತು.

ನಾದಿನಿ ಹಿಂದಿನ ಗೋಡೆಗೆ ಅಂಗೈ ಒತ್ತಿ ನಿಂತಿದ್ದಳು. "ಗೋಡೆ ನಡುಗ್ತಾನೇ ಇಲ್ಲ. ಇದಾದ್ರೆ ನನ್ನ ಸೂಜಿ ಕುಣಿಯಲ್ಲ," ಎಂದವಳು ತಟ್ಟನೆ ಕೈ ತೆಗೆದಳು. "ಅಂದ್ರೆ… ಅಲ್ಲಿ ಇನ್ಯಾರಾದ್ರೂ ಹೊಲಿದ್ರೆ."

ಗಂಡ ಅತ್ತ ತಿರುಗಿ ಸುಮ್ಮನೆ ಒಂದು ತಿರುಪನ್ನು ಉಜ್ಜಿದ.

ಜೋಡಿ ಸಣ್ಣ ಮೈಕಟ್ಟಿನ, ಚುರುಕು ಕಣ್ಣಿನ ಹೆಣ್ಣು. ಅವಳು ಅಷ್ಟು ಹೊತ್ತಿಗೆ ಮಷೀನಿನ ಪಕ್ಕ ಕೂತು ಬೆಲ್ಟಿನ ಅಂಚಿಗೆ ಬೆರಳು ತೂರಿಸಲು ನೋಡುತ್ತಿದ್ದಳು. "ಇದು ಏಳೋದೇ ಇಲ್ವಲ್ಲ. ಇದಕ್ಕೆ ಎಣ್ಣೆ ಎಲ್ಲಿ ಬಿಡ್ತಾರೆ?"

"ಬಿಡೋದೇ ಬೇಡ ಮೇಡಂ," ಸೇಲ್ಸ್‌ನವನು ಹಿಗ್ಗಿದ. "ಹಲಗೆಗೇ ಮೇಣ ಕೂಡಿಸಿರ್ತಾರೆ. ಒಂದು ಕಡೆ ಸವೆದ್ರೆ ಹಲಗೇನ ಮಗುಚಿ ಹಾಕಿದ್ರಾಯ್ತು."

"ಹಾಗಾದ್ರೆ ಇದು ಕೆಡೋದೇ ಇಲ್ವಾ?"

"ವರ್ಷಗಟ್ಟಲೆ ಕೆಡಲ್ಲ!"

"ಒಳ್ಳೇದಾಯ್ತು," ಎಂದಳು ಜೋಡಿ. ಪಕ್ಕದ ಬೆಂಚಿನ ಮೇಲೆ ಕೂತು, ಬಿಗಿಯಾಗಿಯೇ ಇದ್ದ ಶೂ ದಾರವನ್ನು ಬಿಚ್ಚಿ ಮತ್ತೆ ಕಟ್ಟತೊಡಗಿದಳು.

"ಜಿಮ್ಮಿನ ಮಷೀನನ್ನ ಮನೇಲಿಟ್ರೆ ವಾರಂಟಿ ನಿಲ್ಲುತ್ತೋ, ಬಿದ್ದುಹೋಗುತ್ತೋ?" ಸರ್ವೇಯರಮ್ಮ ಮೊದಲ ಬಾರಿಗೆ ಕೇಳಿದರು.

ಸೇಲ್ಸ್‌ನವನಿಗೆ ಕೆಮ್ಮು ಬಂತು. "ಅದು… ಕಂಪನಿಯವರನ್ನ ಕೇಳ್ಬೇಕು ಮೇಡಂ. ಟೀ ತರಿಸ್ಲಾ?"

"ತರಿಸು. ಜೊತೆಗೆ ಕಂಪನಿ ಉತ್ತರಾನೂ ತರಿಸು."

ಕಾಗದದ ಲೋಟಗಳು ಬಂದವು. ಜೋಡಿ ಕೈ ಅಡ್ಡ ಹಿಡಿದಳು. "ನಂಗೆ ಬೇಡ, ಟೀ ಕಾಫಿ ನಾನು ಮುಟ್ಟಲ್ಲ. ನಾವಿಬ್ಬರೂ ಒಂದೇ ದಿನ ಬಿಟ್ಟಿದ್ದು, ಅಲ್ವೇನೇ?" ಎಂದು ಓಟಗಾರ್ತಿಯ ಕಡೆ ನೋಡಿದಳು. ಓಟಗಾರ್ತಿಗೆ ಕೇಳಿಸಲಿಲ್ಲ. ಅವಳು ಮಷೀನಿನ ಮೇಲೆ ಓಡುತ್ತಲೇ ಇದ್ದಳು.

ಚಿಕ್ಕಮ್ಮ ಅಕ್ಕನ ಕಿವಿಯಲ್ಲಿ, "ಈ ಸೇಲ್ಸ್‌ನವನೇ ಇರ್ಬೇಕು ಕಣಕ್ಕಾ, ಮಷೀನ್ ಕೆಟ್ಟಷ್ಟೂ ಇವನಿಗೆ ಲಾಭ," ಎಂದಳು. ಅಕ್ಕ ತಮ್ಮ ಟೀಯಲ್ಲಿ ಅರ್ಧವನ್ನು ಅವಳ ಲೋಟಕ್ಕೆ ಸುರಿದರು.

ಶನಿವಾರ ಮಧ್ಯಾಹ್ನ ಎಲ್ಲರೂ ಆ ಚಿಕ್ಕ ಕೋಣೆಯಲ್ಲಿ ಸೇರಿದರು. ಬಾಗಿಲ ಅಗಲ ಅಳೆಯಲೆಂದು ಸೇಲ್ಸ್‌ನವನೂ ಬಂದಿದ್ದ. ಹಜಾರದಲ್ಲಿ ನಾದಿನಿಯ ಪೆಟ್ಟಿಗೆ ಹಗ್ಗ ಬಿಗಿದುಕೊಂಡು ಕಾಯುತ್ತಿತ್ತು.

ಸರ್ವೇಯರಮ್ಮ ಸತ್ತ ಮಷೀನಿನ ಬೆಲ್ಟಿನ ಮೇಲೇ ಕುರ್ಚಿ ಹಾಕಿಸಿಕೊಂಡು ಕೂತರು.

"ಮೋಟಾರು ಸುಟ್ಟಿದ್ದು ನಿಜ. ಆದ್ರೆ ಅದು ಕಾಯಿಲೆ ಅಲ್ಲ, ಕಾಯಿಲೆಯಿಂದ ಬಂದ ಸಾವು. ಇಂಥ ಮನೆ ಮಷೀನಿಗೆ ಬೆಲ್ಟಿನ ಕೆಳಗೆ ಸಿಲಿಕೋನ್ ಎಣ್ಣೆ ಮಾತ್ರ ಹಾಕ್ಬೇಕು. ಯಾರೋ ಹೊಲಿಗೆ ಮಷೀನಿನ ಎಣ್ಣೆ ಸುರಿದಿದಾರೆ. ಅದೂ ಒಂದು ಸಲ ಅಲ್ಲ, ಹಲವು ಸಲ. ಬೆಲ್ಟು ಒಳಗಿಂದ ಉಬ್ಬಿ, ಅಂಟಿ, ಜಾರಿ, ಮೋಟಾರು ಎಳೆದೂ ಎಳೆದೂ ಸತ್ತಿದೆ."

ಎಲ್ಲರ ಕಣ್ಣೂ ಕಿಟಕಿಯ ಬಳಿಯ ಹೊಲಿಗೆ ಮಷೀನಿನತ್ತ ಹೊರಳಿದವು. ನಾದಿನಿಯ ಮುಖ ಬಿಳಿಚಿತು. "ಅಣ್ಣಾ, ನಾನಲ್ಲ…"

"ನೀನಲ್ಲ," ಎಂದರು ಸರ್ವೇಯರಮ್ಮ. "ಚಿಕ್ಕೀ, ಆ ಬಟ್ಟೆ ತೋರಿಸು."

ಚಿಕ್ಕಮ್ಮ ಬಕೆಟ್ಟಿನಿಂದ ತಂದ ತುಂಡನ್ನು ಬಿಡಿಸಿ ಹಿಡಿದಳು. ಬಿಳಿಯ ಮೇಲೆ ಹಳದಿ ಚುಕ್ಕೆಗಳು.

"ಮಷೀನಿನ ಪಕ್ಕದ ಸ್ಟೂಲಿನ ಮೇಲೆ ಗಿರಾಕಿ ಬಟ್ಟೆ ಇತ್ತು. ಸುರಿದವರು ಅವಸರದಲ್ಲಿ ಅದರ ಮೇಲೂ ಸಿಡಿಸಿದ್ರು. ಹೊಲಿಯೋ ಹೆಂಗಸು ಎಣ್ಣೆ ಬಾಟಲಿ ಮುಟ್ಟೋಕೆ ಮೊದಲು ಬಟ್ಟೆ ಸರಿಸ್ತಾಳೆ. ಅದು ಯೋಚನೆ ಮಾಡಿ ಮಾಡೋ ಕೆಲಸ ಅಲ್ಲ, ಕೈಯೇ ಮಾಡುತ್ತೆ. ತನ್ನ ಮಷೀನು ಕಿರ್ರೋ ಅಂತ ಅಳ್ತಿರೋವಾಗ ಇದ್ದ ಎಣ್ಣೇನೆಲ್ಲ ಇದಕ್ಕೆ ಸುರಿಯೋಷ್ಟು ದಡ್ಡಿನೂ ಇವಳಲ್ಲ."

ಓಟಗಾರ್ತಿ ಬಗ್ಗಿ ಆ ಚುಕ್ಕೆಗಳನ್ನು ಮುಟ್ಟಿ ನೋಡಿದಳು.

"ಇನ್ನು ಗಂಡ. ಲಿಫ್ಟು ಬಿಚ್ಚಿ ಜೋಡಿಸೋನು."

"ನಾನು ಕೆಡಿಸ್ಬೇಕು ಅಂದ್ರೆ ಒಂದು ತಿರುಪು ಸಾಕಿತ್ತು ಸರ್ವೇಯರಮ್ಮಾ," ಎಂದ ಅವನು, ನೆಲ ನೋಡುತ್ತಾ.

"ಅದನ್ನೇ ನಾನು ಹೇಳೋಕೆ ಹೊರಟಿದ್ದು. ಎಣ್ಣೆ ಸುರಿಯೋದು ಮಷೀನ್ ಗೊತ್ತಿಲ್ಲದವರ ಕೆಲಸ. ಇನ್ನು ಈ ಸೇಲ್ಸ್‌ನವನು, ಮಷೀನ್ ಕೆಟ್ಟರೆ ಇವನಿಗೆ ಲಾಭ ಅಂತ ನಮ್ಮ ಚಿಕ್ಕಿ ಅಂದಳು."

"ಅಯ್ಯೋ ಮೇಡಂ!" ಸೇಲ್ಸ್‌ನವನ ಕೈಯಿಂದ ಟೇಪು ಸರ್ರನೆ ಒಳಗೆ ಸೇರಿಕೊಂಡಿತು.

"ಕೂಗ್ಬೇಡ. ಬಾಗಿಲು ಅಳೆಯೋಕೆ ಬಂದವನು ಸೀದಾ ಅಡುಗೆಮನೆಗೆ ನುಗ್ಗಿದೆ. ಈ ಕೋಣೆ ಯಾವ ಕಡೆ ಇದೆ ಅಂತಾನೇ ನಿಂಗೆ ಗೊತ್ತಿರಲಿಲ್ಲ."

ಉಳಿದವಳು ಒಬ್ಬಳೇ. ಜೋಡಿ ಬಾಗಿಲ ಬಳಿ ನಿಂತಿದ್ದಳು. ಹೋಗಬೇಕೆಂದಿದ್ದರೆ ಹೋಗಬಹುದಿತ್ತು, ಆದರೆ ಅವಳು ಅಲುಗಲಿಲ್ಲ.

"ಮಷೀನ್ ಸತ್ತಿದ್ದು ಮೋಟಾರಿನಿಂದ ಅಂತ ರಿಪೇರಿಯವನು ಹೇಳಿದ್ದ. ಎಲ್ಲರೂ ನಂಬಿದ್ರು. ಎಣ್ಣೆ ವಿಷಯ ನನಗೂ ಚಿಕ್ಕಿಗೂ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಅದಕ್ಕೇ ನಿಮ್ಮನ್ನೆಲ್ಲ ಅಂಗಡಿಗೆ ಎಳ್ಕೊಂಡು ಹೋದೆ. ಹೊಸದನ್ನ ಆರಿಸೋವಾಗ ಮನುಷ್ಯ ತನ್ನ ಮನಸ್ಸಲ್ಲಿ ಇರೋದನ್ನೇ ಮುಟ್ಟಿ ನೋಡ್ತಾನೆ. ಗಂಡ ಮೋಟಾರು ನೋಡಿದ. ಬಿದ್ದವಳು ಬೆಲ್ಟಿನ ಉದ್ದ ನೋಡಿದಳು. ನಾದಿನಿ ಗೋಡೆ ಮುಟ್ಟಿದಳು, ಪಾಪ, ಬಿಟ್ಟುಹೋಗೋ ಮನೇದೇ ಚಿಂತೆ. ನೀನು ಮಾತ್ರ ಬೆಲ್ಟು ಎತ್ತೋಕೆ ನೋಡಿ, ಎಣ್ಣೆ ಎಲ್ಲಿ ಬಿಡ್ತಾರೆ ಅಂತ ಕೇಳಿದೆ ತಾಯಿ. ಕೆಡೋದೇ ಇಲ್ಲ ಅಂತ ಗೊತ್ತಾದಾಗ ನಿನ್ನ ಮುಖ ಬಾಡಿಹೋಯ್ತು."

"ಅವಳು ಯಾವಾಗ ಇಲ್ಲಿ ಒಬ್ಬಳೇ ಇದ್ದಳು?" ನಾದಿನಿ ಕೇಳಿದಳು. ಕೇಳುತ್ತಿದ್ದಂತೆ ಅವಳ ಕೈ ಬಾಯಿಗೆ ಹೋಯಿತು. "ಟೀ…"

"ಹೌದು. ಟೀ ಮುಟ್ಟದೋಳು ನಿನ್ನ ಹತ್ರ ಟೀ ಮಾಡಿಸ್ತಿದ್ದಳು. ನೀನು ಅಡುಗೆಮನೇಲಿ ಇದ್ದಷ್ಟು ಹೊತ್ತು ಈ ಕೋಣೆ, ನಿನ್ನ ಎಣ್ಣೆ ಬಾಟಲಿ, ಎರಡೂ ಅವಳವೇ."

"ಕುಡೀತಾಳೆ ಅಂತಲೇ ನಾನು ಅಂದ್ಕೊಂಡಿದ್ದೆ," ನಾದಿನಿಯ ದನಿ ಸಣ್ಣದಾಯಿತು. "ಲೋಟ ತೊಳೆದಿಟ್ಟು ಹೋಗ್ತಿದ್ದಳು."

ಓಟಗಾರ್ತಿ ಒಂದು ಹೆಜ್ಜೆ ಮುಂದೆ ಬಂದಳು. "ಪಂದ್ಯದಲ್ಲಿ ನಾನು ಮೊದಲು ಬರ್ತೀನಿ, ನೀನು ಎರಡನೇದು ಬರ್ತೀಯ. ಅದಕ್ಕೇನೇ? ಅಷ್ಟಕ್ಕೇ ನನ್ನ ಕೈಕಾಲು ಮುರೀಬೇಕು ಅಂತ ಇತ್ತಾ ನಿಂಗೆ?"

"ಅಲ್ಲ!" ಜೋಡಿ ಚೀರಿದಳು.

"ಅದಕ್ಕಲ್ಲ ಕಣಮ್ಮಾ," ಸರ್ವೇಯರಮ್ಮನ ದನಿ ತಗ್ಗಿತು. "ಮೊದಲನೇ ಮಷೀನ್ ತಾನಾಗೇ ಸತ್ತಾಗ ನೀನು ಎರಡು ವಾರ ಇವಳ ಜೊತೆ ಓಡಿದೆ. ಮಷೀನ್ ಸತ್ತರೆ ನೀನು ವಾಪಸ್ ಬರ್ತೀಯ ಅಂತ ಇವಳು ಕಲಿತದ್ದು ಆವಾಗ. ಇವಳಿಗೆ ಹೊಟ್ಟೆಕಿಚ್ಚು ಇದ್ದದ್ದು ನಿನ್ನ ಮೇಲಲ್ಲ, ಇದರ ಮೇಲೆ." ಅವರು ಕಾಲ ಕೆಳಗಿನ ಬೆಲ್ಟನ್ನು ತಟ್ಟಿದರು. "ಇಂಥ ಹೊಟ್ಟೆಕಿಚ್ಚಿಗೆ ನಮ್ಮ ಮನೇಲೇ ಒಂದು ಉದಾಹರಣೆ ಇದೆ. ಇಲ್ಲದಿದ್ರೆ ನನಗೂ ಹೊಳೀತಿರಲಿಲ್ಲ."

ಚಿಕ್ಕಮ್ಮ ಹಳದಿ ಚುಕ್ಕೆಯ ಬಟ್ಟೆಯನ್ನು ತುಂಬ ಜಾಗ್ರತೆಯಿಂದ ಮಡಿಸತೊಡಗಿದಳು.

ಜೋಡಿ ಅಳುತ್ತಿದ್ದಳು. "ಬೀದಿಯವರೆಲ್ಲ ನನ್ನನ್ನ ಜೋಡಿ ಜೋಡಿ ಅಂತಾರೆ. ದಿನಾ ಬೆಳಿಗ್ಗೆ ಒಬ್ಬಳೇ ಓಡ್ತಾ ಆ ಹೆಸರು ಕೇಳಿಸ್ಕೊಳ್ಳೋದು ಹೇಗಿರುತ್ತೆ ಅಂತ ನಿಂಗೇನು ಗೊತ್ತು? ಸಿಕ್ಕಿದಾಗೆಲ್ಲ ಇದರದೇ ಮಾತು ನಿಂದು. ಇದು ಕಾಯಿಸಲ್ಲ, ತಡ ಮಾಡಲ್ಲ, ಹರಟೆ ಹೊಡೆಯಲ್ಲ, ಎಷ್ಟು ನೆಮ್ಮದಿ ಅಂತ ನೀನೇ ಅಂದೆ. ನನ್ನ ಪಕ್ಕದಲ್ಲೇ ಓಡ್ತಾ ಅಂದೆ. ಸುಮ್ನೆ ನಿಂತುಹೋಗುತ್ತೆ ಅಂದ್ಕೊಂಡೆ ಕಣೇ. ನೀನು ಬೀಳ್ತೀಯ ಅಂತ ಗೊತ್ತಿರಲಿಲ್ಲ."

"ನಾನು ಬಿದ್ದ ಮೇಲಾದ್ರೂ ಹೇಳ್ಬಹುದಿತ್ತು. ಇವಳು ಪೆಟ್ಟಿಗೆ ಕಟ್ಟೋದನ್ನ ನೋಡ್ತಾ ಇದ್ದೆಯಲ್ಲ!"

ಜೋಡಿ ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದಳು.

ಓಟಗಾರ್ತಿ ಅವಳನ್ನು ದಾಟಿಕೊಂಡು ಹಜಾರಕ್ಕೆ ಹೋದಳು. ಸರಿಯಿದ್ದ ಒಂದೇ ಕೈಯಿಂದ ನಾದಿನಿಯ ಪೆಟ್ಟಿಗೆ ಹಿಡಿದು ಎಳೆಯತೊಡಗಿದಳು. ಪೆಟ್ಟಿಗೆ ಗರಗರ ಸದ್ದು ಮಾಡುತ್ತಾ ಹೊಸ್ತಿಲಿಗೆ ತಗುಲಿ ನಿಂತಿತು.

"ಬಿಡಿ ಅತ್ತಿಗೆ, ಕೈ ನೋವಾಗುತ್ತೆ," ನಾದಿನಿ ಓಡಿ ಹೋಗಿ ಇನ್ನೊಂದು ತುದಿ ಹಿಡಿದಳು.

"ಆಗ್ಲಿ. ನಿನ್ನ ಮೇಲೆ ನಂಗೆ ಮೊದಲಿಂದಲೂ ಉರಿ ಇತ್ತು ಕಣೇ. ಇವರು ಮನೆಗೆ ಬಂದ ಕೂಡ್ಲೆ ಮೊದಲು ಕೇಳೋದು ನೀನು ಊಟ ಮಾಡಿದ್ಯಾ ಅಂತ. ಅದಕ್ಕೇ ನೀನೇ ಇರ್ಬೇಕು ಅಂತ ಅನ್ಕೊಳ್ಳೋದು ಸುಲಭ ಆಯ್ತು."

"ನಿಮ್ಮ ಓಟದ ಹೊತ್ತಿಗೆ ಸರಿಯಾಗಿ ನಾನೂ ಬೇಕಂತಲೇ ಜೋರಾಗಿ ಮಷೀನ್ ತುಳೀತಿದ್ದೆ," ಎಂದಳು ನಾದಿನಿ. ಅಳುತ್ತಲೇ ನಕ್ಕಳು. ಗಂಡ ಬಂದು ಇಬ್ಬರ ಕೈಯಿಂದಲೂ ಪೆಟ್ಟಿಗೆ ತೆಗೆದುಕೊಂಡು ಒಳಗೆ ಹೊತ್ತೊಯ್ದ. ಹೋಗುವಾಗ, "ಆ ಹೊಲಿಗೆ ಮಷೀನಿಗೂ ನಾಳೆನೇ ಮೋಟಾರು ಹಾಕಿಸ್ತೀನಿ," ಎಂದು ಗೊಣಗಿದ್ದು ಎಲ್ಲರಿಗೂ ಕೇಳಿಸಿತು.

ಓಟಗಾರ್ತಿ ತಿರುಗಿ ನೋಡದೆಯೇ ಜೋಡಿಗೆ ಹೇಳಿದಳು. "ಇವತ್ತು ನಿನ್ನ ಹತ್ರ ನಂಗೆ ಮಾತಿಲ್ಲ. ಮನೆಗೆ ಹೋಗು."

ಜೋಡಿ ಹೋದಳು. ಸೇಲ್ಸ್‌ನವನು ಉಸಿರು ಬಿಟ್ಟು, ಬಾಗಿಲಿಗೆ ಟೇಪು ಹಿಡಿದ.

ವಾಪಸು ಬರುವಾಗ ಚಿಕ್ಕಮ್ಮ ಟಾರ್ಚಿನ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಾಯಿಸುತ್ತಾ ರಸ್ತೆ ದಾಟಿದಳು. ತಮ್ಮ ಕಟ್ಟಡದ ಗೇಟಿನ ಬಳಿ ತಡೆಯಲಾಗಲಿಲ್ಲ.

"ಅಕ್ಕಾ, ಅದ್ಯಾರದು, ನಮ್ಮ ಮನೆ ಉದಾಹರಣೆ?"

"ವಿಚಿತ್ರ ನೋಡು," ಎಂದರು ಸರ್ವೇಯರಮ್ಮ, ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾ. "ಕೇಸು ಅಂದ ಕೂಡ್ಲೇ ಇದು ಸಿಕ್ಕಿಬಿಡುತ್ತೆ. ಕಳೆಯೋದೆಲ್ಲ ಮಂಗಳವಾರ." ಅದನ್ನು ಮತ್ತೆ ಮೂಗಿಗೇರಿಸಿಕೊಂಡು ಮೆಟ್ಟಿಲು ಹತ್ತಿದರು.

ಮಣಿಕಟ್ಟು ವಾಸಿಯಾಗುವ ಹೊತ್ತಿಗೆ ಮೂರನೆಯ ಟ್ರೆಡ್‌ಮಿಲ್ ಬಂತು. ಮನೆಯಲ್ಲಿಟ್ಟರೂ ವಾರಂಟಿ ನಿಲ್ಲುತ್ತದೆ ಎಂದು ಕಂಪನಿಯವರು ಬರೆದುಕೊಟ್ಟ ಮೇಲೆಯೇ ಸರ್ವೇಯರಮ್ಮ ತಲೆಯಾಡಿಸಿದ್ದು. ಬಾಗಿಲ ರೆಕ್ಕೆ ಕಳಚಿ, ನಾಲ್ಕು ಜನ ಏದುಸಿರು ಬಿಡುತ್ತಾ ಅದನ್ನು ಒಳಗೆ ತಂದರು. ಗಂಡ ಅದಕ್ಕೆ ಬೇರೆ ಲೈನ್ ಎಳೆದ. ಮಧ್ಯಾಹ್ನ ಎದುರು ಕಿಟಕಿಯಲ್ಲಿ ಓಟಗಾರ್ತಿಯ ತಲೆ ಏರಿಳಿಯುವುದೂ, ಅದರ ಪಕ್ಕದಲ್ಲಿ ನಾದಿನಿಯ ತಲೆ ಬಗ್ಗಿರುವುದೂ ಚಿಕ್ಕಮ್ಮನಿಗೆ ಕಾಣುತ್ತಿತ್ತು. ಎರಡು ಮಷೀನುಗಳೂ ಈಗ ಅಳುತ್ತಿರಲಿಲ್ಲ.

ಜೋಡಿ ಮಾತ್ರ ಬೆಳಿಗ್ಗೆ ಒಬ್ಬಳೇ ಓಡುತ್ತಿದ್ದಳು.

ಒಂದು ಮಂಗಳವಾರ ಕಾರ್ಖಾನೆಗೆ ರಜೆಯಿತ್ತು. ಬಾಲ್ಕನಿಯಲ್ಲಿ ಬಟ್ಟೆ ಹರವುತ್ತಿದ್ದ ಚಿಕ್ಕಮ್ಮ ನೋಡುತ್ತಾಳೆ, ಓಟಗಾರ್ತಿ ಶೂ ಹಾಕಿಕೊಂಡು ರಸ್ತೆಗಿಳಿದಿದ್ದಾಳೆ. ಜೋಡಿಯ ಕಿಟಕಿಯ ಕೆಳಗೆ ಬಂದು ನಿಂತಳು. ಕರೆಯಲಿಲ್ಲ. ನಿಂತಲ್ಲೇ ಹೆಜ್ಜೆ ಹಾಕುತ್ತಾ ಇದ್ದಳು, ಅಷ್ಟೇ. ಸ್ವಲ್ಪ ಹೊತ್ತಿನಲ್ಲಿ ಮೇಲಿನಿಂದ ಧಡಧಡ ಇಳಿಯುವ ಸದ್ದಾಯಿತು. ಜೋಡಿ ಒಂದು ಶೂ ದಾರ ಕಟ್ಟದೆಯೇ ಬಂದಿದ್ದಳು. ಓಟಗಾರ್ತಿ ಬೀಸು ಹೆಜ್ಜೆಯಲ್ಲಿ ಮುಂದೆ ಹೊರಟಳು, ಜೋಡಿ ಬಹಳ ಹಿಂದೆ ಉಳಿದಳು. ಆದರೆ ರಸ್ತೆಯ ತಿರುವು ಬಂದಾಗ ಮುಂದಿನವಳ ಹೆಜ್ಜೆ ನಿಧಾನವಾಯಿತು. ದಾರ ಕಟ್ಟಿಕೊಳ್ಳುವಷ್ಟು ಹೊತ್ತು ಅವಳು ಅಲ್ಲೇ ಕುಣಿಯುತ್ತಾ ಕಾದಳು.

ಚಿಕ್ಕಮ್ಮ ಒಳಗೆ ಬಂದಳು. ಅಕ್ಕ ಮಧ್ಯಾಹ್ನಕ್ಕೆ ಬೇಕೆಂದು ಕಿಟಕಿಕಟ್ಟೆಯ ಮೇಲೆ, ಸೋಫಾದ ಸಂದಿನಲ್ಲಿ ಆಗಲೇ ಕೈಯಾಡಿಸುತ್ತಿದ್ದರು. ಚಿಕ್ಕಮ್ಮ ಹಿಟ್ಟಿನ ಡಬ್ಬದ ಹಿಂದಿನಿಂದ ಕನ್ನಡಕ ತೆಗೆದು, ಗಾಜನ್ನು ಉಸಿರಿನಿಂದ ಮಬ್ಬು ಮಾಡಿ ಚೆನ್ನಾಗಿ ಒರೆಸಿ, ಅವರ ಕೈಯಲ್ಲಿಟ್ಟಳು.

"ತಗೋ. ನಿನ್ನ ಹೆಡ್‌ಮಿಸ್ಸು ಕಾಯ್ತಿರ್ತಾಳೆ."

ಸರ್ವೇಯರಮ್ಮ ಕನ್ನಡಕ ಏರಿಸಿಕೊಂಡು ಅವಳನ್ನು ಒಂದು ಗಳಿಗೆ ನೋಡಿದರು. "ಪದಬಂಧದಲ್ಲಿ ನಮ್ಮಿಬ್ಬರಿಗೂ ಅಡುಗೆ ವಿಷಯದ ಸುಳಿವು ಬಂದ್ರೆ ಒಂದೂ ಹೊಳೆಯಲ್ಲ ಕಣೇ. ನೀನೂ ಬಾ."

"ನಂಗೇನು ಬೇಕಾಗಿಲ್ಲ," ಎಂದಳು ಚಿಕ್ಕಮ್ಮ. ಎನ್ನುತ್ತಲೇ ಒದ್ದೆ ಕೈ ಒರೆಸಿಕೊಂಡು, ಬಾಗಿಲ ಹಿಂದೆ ತೂಗುತ್ತಿದ್ದ ಬಾಚಣಿಗೆಗೆ ಕೈ ಚಾಚಿದಳು.